ಬೈದು ಕರೆದರೆ ಯಾರು ಬರುತ್ತಾರೆ?

ಹೋಟೆಲು, ಬಟ್ಟೆ ಅಂಗಡಿ, ಸಣ್ಣಪುಟ್ಟ ಬ್ರ್ಯಾಂಡುಗಳಿಗೆ ಕನ್ನಡದಲ್ಲಿ ಜಾಹೀರಾತು ಬರೆದುಕೊಡುವುದು ನನ್ನ ಕಸುಬು. ಈಚೆಗೆ ಬರುವ ಕ್ಲೈಂಟುಗಳು, ಅದರಲ್ಲೂ ಅಪ್ಪನ ಅಂಗಡಿಯನ್ನು ಹೊಸದಾಗಿ ವಹಿಸಿಕೊಂಡ ಹುಡುಗರು, ಕೂತ ಕೂಡಲೇ ಹೇಳುವ ಮಾತು ಒಂದೇ: "ಸಾರ್, ಸ್ವಲ್ಪ ಖಡಕ್ಕಾಗಿರ್ಲಿ. ಜನ ಬೈದ್ರೂ ಪರವಾಗಿಲ್ಲ, ವೈರಲ್ ಆಗ್ಬೇಕು." ಅವರಿಗೆ ಈ ಆಸೆ ಹುಟ್ಟಿದ್ದು ಸುಮ್ಮನೆ ಅಲ್ಲ. ಒರಟು ಮಾತಿನಿಂದ ಗೆದ್ದ ಬ್ರ್ಯಾಂಡುಗಳನ್ನು ಅವರು ದಿನವೂ ಫೋನಿನಲ್ಲಿ ನೋಡುತ್ತಾರೆ. ಅದೇ ದಾರಿ ಹಿಡಿದು ಗಿರಾಕಿಗಳನ್ನು ಕಳೆದುಕೊಂಡವರು ಮಾತ್ರ ಅವರ ಫೋನಿಗೆ ಬರುವುದಿಲ್ಲ. ಎರಡೂ ಬಗೆಯವರನ್ನು ಗಮನಿಸುತ್ತ, ಬರೆಯುತ್ತ, ತಿದ್ದುತ್ತ ಕಲಿತದ್ದನ್ನು ಇಲ್ಲಿ ಇಡುತ್ತಿದ್ದೇನೆ.

1. ಮಾತು ಎಷ್ಟು ಒರಟು ಎಂದು ಅಳೆಯುವ ಮೊದಲು ಏಟು ಯಾರಿಗೆ ಬೀಳುತ್ತದೆ ಎಂದು ನೋಡಿ

ಉತ್ತರ ಕರ್ನಾಟಕದ ಕಿರಾಣಿ ಅಂಗಡಿಗಳಲ್ಲಿ 'ಇಂದು ನಗದು, ನಾಳೆ ಉದ್ರಿ' ಎಂಬ ಬೋರ್ಡನ್ನು ನೋಡದವರಿಲ್ಲ. ಸಾಲ ಕೊಡುವುದಿಲ್ಲ ಎಂದು ಗಿರಾಕಿಯ ಮುಖಕ್ಕೇ ಹೇಳುವ ಬೋರ್ಡು ಅದು. ಆದರೂ ಓದಿದವರು ನಗುತ್ತಾರೆ. ನಾಳೆ ಬಂದರೂ ಬೋರ್ಡು ಇದನ್ನೇ ಹೇಳುತ್ತದೆ ಎಂಬುದು ಅಂಗಡಿಯವರಿಗೂ ಗೊತ್ತು, ಗಿರಾಕಿಗೂ ಗೊತ್ತು. ಅಲ್ಲಿ ಯಾರತ್ತಲೂ ಬೆರಳು ತೋರಿಸಿಲ್ಲ. ಅದೇ ಅಂಗಡಿಯವರು ಬಾಕಿ ಉಳಿಸಿಕೊಂಡವರ ಹೆಸರುಗಳನ್ನು ಗೋಡೆಗೆ ಅಂಟಿಸಿದರೆ, ಬಾಕಿ ಇಲ್ಲದವರೂ ಬೇರೆ ಅಂಗಡಿ ಹುಡುಕಿಕೊಳ್ಳುತ್ತಾರೆ. ನಾಳೆ ನಮ್ಮ ಹೆಸರೂ ಅಲ್ಲಿ ಬಂದೀತು ಎಂಬ ಅಳುಕು ಅವರದು.

2021ರ ಏಪ್ರಿಲಿನಲ್ಲಿ ಐಪಿಎಲ್ ಹೊತ್ತಿಗೆ ಬಂದ ಕ್ರೆಡ್ ಆ್ಯಪಿನ ಜಾಹೀರಾತನ್ನು ನಾನು ಈಗಲೂ ಹೊಸಬರಿಗೆ ತೋರಿಸುತ್ತೇನೆ. ರಾಹುಲ್ ದ್ರಾವಿಡ್ ಬೆಂಗಳೂರಿನ ಟ್ರಾಫಿಕ್ಕಿನಲ್ಲಿ ಸಿಕ್ಕಿಹಾಕಿಕೊಂಡು ಅಕ್ಕಪಕ್ಕದವರ ಮೇಲೆ ಕೂಗಾಡುತ್ತಾರೆ, ಬ್ಯಾಟು ಬೀಸಿ ಪಕ್ಕದ ಕಾರಿನ ಕನ್ನಡಿ ಒಡೆಯುತ್ತಾರೆ, ಕೊನೆಗೆ ಕಾರಿನ ಸನ್‌ರೂಫಿನಿಂದ ಎದ್ದು ನಿಂತು ತಾನು ಇಂದಿರಾನಗರದ ಗೂಂಡಾ ಎಂದು ಅಬ್ಬರಿಸುತ್ತಾರೆ. ಅದರಲ್ಲಿ ಕೂಗಾಟವಿದೆ, ಒಡೆದಾಟವಿದೆ, 'ಗೂಂಡಾ' ಎಂಬ ಪದವಿದೆ. ಆದರೂ ಊರಿಗೆ ಊರೇ ಅದನ್ನು ಪ್ರೀತಿಯಿಂದ ಹಂಚಿಕೊಂಡಿತು. ಯಾಕೆಂದರೆ ಸಿಲ್ಕ್ ಬೋರ್ಡಿನಲ್ಲಿ ನಿಂತು ನಾವೆಲ್ಲ ಒಳಗೊಳಗೇ ಬೈದುಕೊಳ್ಳುವುದನ್ನು, ಮೈದಾನದಲ್ಲಿ ಎಂದೂ ತಾಳ್ಮೆ ಕಳೆದುಕೊಳ್ಳದ ಮನುಷ್ಯ ಗಟ್ಟಿಯಾಗಿ ಬೈದುಬಿಟ್ಟರು. ಅಲ್ಲಿ ಹಾಸ್ಯಕ್ಕೆ ಗುರಿಯಾದದ್ದು ದ್ರಾವಿಡ್ ಅವರ ಸ್ವಂತ ಹೆಸರು, ಅದೂ ಅವರ ಒಪ್ಪಿಗೆಯಿಂದ. ನೋಡುತ್ತಿದ್ದ ಗಿರಾಕಿ ಬೈಸಿಕೊಂಡವನಲ್ಲ, ಬೈಯುವವರ ಜೊತೆ ಅದೇ ಕಾರಿನಲ್ಲಿ ಕೂತವನು. ಅಮುಲ್‌ನ ಪುಟ್ಟ ಹುಡುಗಿ 1966ರಿಂದ ಹೋರ್ಡಿಂಗುಗಳಲ್ಲಿ ಚುಚ್ಚುತ್ತಲೇ ಇದ್ದಾಳೆ. ಅವಳ ಚುಚ್ಚು ಅಂದಿನ ಸುದ್ದಿಗೆ, ಬೆಣ್ಣೆ ಕೊಳ್ಳುವವರಿಗಲ್ಲ.

2. ತನ್ನನ್ನೇ ಹಳಿದುಕೊಳ್ಳಬಹುದು, ಮಾರಿದ ಸರಕನ್ನು ಹಳಿಯಬಾರದು

ಮೊದಲ ಪಾಠ ಕೇಳಿದವರು "ಹಾಗಾದ್ರೆ ನಮ್ಮನ್ನೇ ನಾವು ಬೈಕೊಳ್ಳೋಣ" ಎಂದು ಹುಮ್ಮಸ್ಸಿನಿಂದ ಹೊರಡುತ್ತಾರೆ. ಅವರಿಗೆ ಎರಡು ಕಥೆ ಹೇಳುತ್ತೇನೆ.

1960ರ ಹೊತ್ತಿಗೆ ಅಮೆರಿಕದಲ್ಲಿ ಫೋಕ್ಸ್‌ವ್ಯಾಗನ್ ತನ್ನ ಕಾರಿನ ಚಿತ್ರದ ಕೆಳಗೆ 'ಲೆಮನ್' ಎಂದು ದೊಡ್ಡದಾಗಿ ಅಚ್ಚು ಹಾಕಿಸಿತು. ಆ ದೇಶದಲ್ಲಿ ಕೆಟ್ಟ ಮಾಲಿಗೆ, ಕೈಕೊಡುವ ಗಾಡಿಗೆ ಅನ್ನುವ ಮಾತು ಅದು. ಕೆಳಗೆ ಸಣ್ಣ ಅಕ್ಷರದಲ್ಲಿ ಕಾರಣವಿತ್ತು: ಗ್ಲೋವ್ ಬಾಕ್ಸಿನ ಮೇಲಿನ ಲೋಹದ ಪಟ್ಟಿಯಲ್ಲಿ ಕಲೆ ಇದ್ದುದರಿಂದ ಈ ಕಾರನ್ನು ತಪಾಸಣೆಯವರು ಕಾರ್ಖಾನೆಯಲ್ಲೇ ತಡೆದಿದ್ದಾರೆ. ಬೈಗುಳ ಕಂಪನಿಗೆ, ಲಾಭ ಕೊಳ್ಳುವವರಿಗೆ.

1991ರ ಏಪ್ರಿಲಿನಲ್ಲಿ ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲಿನಲ್ಲಿ ನಡೆದದ್ದು ಇದಕ್ಕೆ ತದ್ವಿರುದ್ಧ. ಬ್ರಿಟನ್ನಿನ ದೊಡ್ಡ ಒಡವೆ ಅಂಗಡಿಗಳ ಸರಣಿ ನಡೆಸುತ್ತಿದ್ದ ಜೆರಾಲ್ಡ್ ರ್ಯಾಟ್ನರ್, ಉದ್ಯಮಿಗಳ ಸಭೆಯಲ್ಲಿ ನಗಿಸಲು ಹೋಗಿ, ತಾನು ಅಷ್ಟು ಅಗ್ಗಕ್ಕೆ ಮಾರಲು ಸಾಧ್ಯವಾಗುವುದು ಮಾಲು ಶುದ್ಧ ಕಳಪೆಯಾಗಿರುವುದರಿಂದ ಎಂದರು. ತಮ್ಮಲ್ಲಿನ ಕಿವಿಯೋಲೆ ಸೀಗಡಿ ಸ್ಯಾಂಡ್‌ವಿಚ್ಚಿಗಿಂತ ಅಗ್ಗ, ಬಾಳಿಕೆಯೂ ಅದಕ್ಕಿಂತ ಕಡಿಮೆ ಎಂದರು. ಸಭೆ ನಕ್ಕಿತು. ಆದರೆ ಆ ಓಲೆಯನ್ನು ಹೆಂಡತಿಗೆ, ಮಗಳಿಗೆ ಉಡುಗೊರೆ ಕೊಟ್ಟವರು ನಗಲಿಲ್ಲ. ಕಂಪನಿಯ ಮೌಲ್ಯ ಸುಮಾರು 50 ಕೋಟಿ ಪೌಂಡ್ ಕುಸಿಯಿತು, ಮರುವರ್ಷ ರ್ಯಾಟ್ನರ್ ಹುದ್ದೆ ಬಿಡಬೇಕಾಯಿತು, 1993ರಲ್ಲಿ ಕಂಪನಿ ಹೆಸರನ್ನೇ ಬದಲಿಸಿಕೊಂಡಿತು. ಅವರು ತಮ್ಮನ್ನೇ ಬೈದುಕೊಂಡೆ ಎಂದುಕೊಂಡಿದ್ದರು. ಬೈಗುಳ ಹೋಗಿ ಬಿದ್ದದ್ದು ಆ ಓಲೆ ತೊಟ್ಟ ಕಿವಿಗಳಿಗೆ.

3. ಬೈಗುಳ ಬರೆದವರಿಗೆ ಬೀಳುವುದಿಲ್ಲ, ಕೌಂಟರಿನಲ್ಲಿ ನಿಂತವರಿಗೆ ಬೀಳುತ್ತದೆ

ನನಗೆ ಈ ಕಸುಬಿನಲ್ಲಿ ಯಾರಾದರೂ ಕಣ್ಣು ತೆರೆಸಿದ್ದರೆ ಅದು ಬೆಂಗಳೂರಿನ ಒಂದು ದೊನ್ನೆ ಬಿರಿಯಾನಿ ಹೋಟೆಲಿನ ಸಪ್ಲೈಯರ್. ಹೋಟೆಲಿನ ಹೊಸ ಯಜಮಾನ ಬಾಗಿಲ ಪಕ್ಕ ಹಾಕಲು ಒಂದು ಸಾಲನ್ನು ತಾನೇ ಬರೆದು ತಂದಿದ್ದ: "ತಿನ್ನೋಕೆ ಬಂದ್ರೆ ಬಾ. ಚೌಕಾಸಿಗೆ ಬಂದ್ರೆ ಮನೇಲೇ ಮೊಸರನ್ನ ತಿನ್ನು." ಅದರ ಫೋಟೊ ಹರಿದಾಡುತ್ತದೆ ಎಂಬ ಅವನ ಲೆಕ್ಕ ಸರಿಯೇ ಇತ್ತು. ನಾನು ಬೇಡ ಎನ್ನಲು ಕಾರಣ ಹುಡುಕುತ್ತಿದ್ದೆ. ಆಗ ಟೇಬಲ್ ಒರೆಸುತ್ತಿದ್ದ ಸಪ್ಲೈಯರ್ ಬಟ್ಟೆಯನ್ನು ಹೆಗಲ ಮೇಲೆ ಹಾಕಿಕೊಂಡು ಬಂದು ಅದನ್ನು ಓದಿದ. "ಅಣ್ಣಾ, ಇದನ್ನ ಓದ್ಕೊಂಡು ಸಿಟ್ಟಲ್ಲಿ ಒಳಗೆ ಬರೋರ ಮುಂದೆ ನಿಲ್ಲೋನು ನಾನು. ಅವ್ರು ನಿಮ್ಮನ್ನ ಕೇಳಲ್ಲ, 'ಏನೋ, ನಿಮ್ ಓನರ್ ಹಿಂಗ್ ಬರ್ಸವ್ನೆ' ಅಂತ ನನ್ನನ್ನ ಕೇಳ್ತಾರೆ" ಎಂದ. ಸ್ವಲ್ಪ ತಡೆದು, "ಮಂತ್ ಎಂಡಲ್ಲಿ ಹಾಫ್ ತಗೊಂಡು ಇಬ್ರು ತಿನ್ನೋರು ಇರ್ತಾರಣ್ಣಾ" ಎಂದೂ ಸೇರಿಸಿದ.

ಅಲ್ಲಿಂದ ಮಾತು ದಾರಿ ಬದಲಿಸಿತು. ಆ ಹೋಟೆಲಿನ ನಿಜವಾದ ಹೆಮ್ಮೆ ಯಾವುದು ಎಂದು ಕೇಳಿದೆ. ಒಂದೇ ಡಬರಿ ಮಾಡುತ್ತೇವೆ, ಮುಗಿದರೆ ಮತ್ತೆ ಹಚ್ಚುವುದಿಲ್ಲ ಎಂದರು. ಕೊನೆಗೆ ಬೋರ್ಡಿಗೆ ಹೋದದ್ದು: "ಎರಡು ಗಂಟೆಗೆ ಡಬರಿ ಖಾಲಿ. ಆಮೇಲೆ ಬಂದ್ರೆ ನಮ್ಮನ್ನ ಬೈಕೊಳ್ಳಿ." ಇದರಲ್ಲೂ ಮುಲಾಜಿಲ್ಲ, ಬೇಕಿದ್ದರೆ ಬನ್ನಿ ಎಂಬ ಗತ್ತಿದೆ. ಆದರೆ ಬೈಯುವ ಹಕ್ಕನ್ನು ಗಿರಾಕಿಯ ಕೈಗೆ ಕೊಟ್ಟಿದ್ದೇವೆ. ತಡವಾಗಿ ಬಂದವರು ನಗುತ್ತ "ಬೈಯೋಕೆ ಬಂದಿದೀವಿ" ಎನ್ನುತ್ತಾರೆ, ಸಪ್ಲೈಯರ್ "ಬೈರಿ ಅಣ್ಣಾ, ಕಬಾಬ್ ಇದೆ, ಕೊಡ್ಲಾ?" ಎನ್ನುತ್ತಾನೆ. ಬೋರ್ಡು ಅವನ ಬಾಯಿಗೆ ಒಂದು ಮಾತು ಕೊಟ್ಟಿತು. ಯಾವುದೇ ಕರಡನ್ನು ಯಜಮಾನರಿಗಿಂತ ಮೊದಲು ಕೌಂಟರಿನವರಿಗೆ ಓದಿಸುವುದು ಅಂದಿನಿಂದ ನನ್ನ ರೂಢಿ.

4. ಆಟಕ್ಕೆ ಒಪ್ಪಿ ಬಂದವರ ಲೆಕ್ಕ ಬೇರೆ

ಅಮೆರಿಕದ ಡ್ಯಾಲಸ್‌ನಲ್ಲಿ 1985ರಲ್ಲಿ ಶುರುವಾದ ಡಿಕ್ಸ್ ಲಾಸ್ಟ್ ರೆಸಾರ್ಟ್‌ನಲ್ಲಿ ಬಡಿಸುವವರು ಗಿರಾಕಿಯ ತಲೆಗೆ ಅವಮಾನದ ಮಾತು ಬರೆದ ಕಾಗದದ ಟೋಪಿ ಹಾಕುತ್ತಾರೆ. 2021ರಲ್ಲಿ ಸಿಡ್ನಿಯಲ್ಲಿ ಆರಂಭವಾದ ಕ್ಯಾರೆನ್ಸ್ ಡೈನರ್ ಒರಟು ಸೇವೆಯನ್ನೇ ಹೆಸರಾಗಿಸಿಕೊಂಡು ಬ್ರಿಟನ್ನಿಗೂ ಹೋಯಿತು. ಜನ ದುಡ್ಡು ಕೊಟ್ಟು ಬೈಸಿಕೊಳ್ಳುತ್ತಾರೆ ಎಂದು ಇವನ್ನು ತೋರಿಸಿ ವಾದಿಸುವವರಿದ್ದಾರೆ. ಅಲ್ಲಿ ಮಾರಾಟವಾಗುವುದು ನಾಟಕ. ನಾಟಕ ನೋಡಲು ಬಂದವರಿಗೆ ಅದು ಗೊತ್ತಿರುತ್ತದೆ, ಗೆಳೆಯರ ಗುಂಪು ಕಟ್ಟಿಕೊಂಡೇ ಬಂದಿರುತ್ತಾರೆ. ಅಮ್ಮನನ್ನು ಆಸ್ಪತ್ರೆಗೆ ತೋರಿಸಿ, ದಾರಿಯಲ್ಲಿ ಒಂದು ಕಾಫಿ ಕುಡಿಯೋಣ ಎಂದು ಒಳಗೆ ಬಂದವರು ಯಾವ ಆಟಕ್ಕೂ ಒಪ್ಪಿಲ್ಲ. ನಿಮ್ಮ ಬಾಗಿಲಿಗೆ ಯಾರು ಬರುತ್ತಾರೆ ಎಂದು ಮೊದಲು ಒಂದು ವಾರ ಕೂತು ನೋಡಿ.

5. ದುಬಾರಿ ಅಂಗಡಿಯ ಬಿಗುಮಾನವನ್ನು ಸಾಲ ತರಬೇಡಿ

ಮಾರಾಟಗಾರರ ತಿರಸ್ಕಾರ ಕೊಳ್ಳುವ ಆಸೆಯನ್ನು ಹೆಚ್ಚಿಸುತ್ತದೆಯೇ ಎಂದು ಮಾರ್ಗನ್ ವಾರ್ಡ್ ಮತ್ತು ಡ್ಯಾರೆನ್ ಡಾಲ್ ಎಂಬ ಸಂಶೋಧಕರು ಪರೀಕ್ಷಿಸಿ 2014ರಲ್ಲಿ ಪ್ರಕಟಿಸಿದ್ದರು. ಹೆಚ್ಚಿಸುತ್ತದೆ ಎಂಬುದೇ ಅವರ ಉತ್ತರ, ಹಾಗಾಗಿ ಆ ಸುದ್ದಿ ಎಲ್ಲ ಕಡೆ ಹಬ್ಬಿತು. ಷರತ್ತುಗಳು ಮಾತ್ರ ಹಬ್ಬಲಿಲ್ಲ. ಒಂದನೆಯದು, ಇದು ನಡೆಯುವುದು ಜನ ಹಂಬಲಿಸುವ ಐಷಾರಾಮಿ ಬ್ರ್ಯಾಂಡುಗಳಲ್ಲಿ ಮಾತ್ರ, ಎಲ್ಲರೂ ಕೊಳ್ಳುವ ಸಾಮಾನ್ಯ ಬ್ರ್ಯಾಂಡುಗಳಲ್ಲಿ ಅಲ್ಲ. ಎರಡನೆಯದು, ತಿರಸ್ಕರಿಸುವವರು ಆ ಬ್ರ್ಯಾಂಡಿಗೆ ತಕ್ಕವರಂತೆ ಕಾಣಬೇಕು. ಮೂರನೆಯದು ನನಗೆ ಎಲ್ಲಕ್ಕಿಂತ ಮುಖ್ಯ: ಎರಡು ವಾರ ಕಳೆದು ಕೇಳಿದಾಗ ಆ ಆಸೆ ಇಳಿದುಹೋಗಿತ್ತು.

ನಮ್ಮ ಸೀರೆ ಅಂಗಡಿಗಳಲ್ಲಿ ಇದು ಬೇರೆ ರೂಪದಲ್ಲಿ ನಡೆಯುತ್ತದೆ. ಚಪ್ಪಲಿ ಬಿಟ್ಟು ಒಳಗೆ ಬಂದವರನ್ನು ಮೇಲಿಂದ ಕೆಳಗೆ ನೋಡಿ "ಬಜೆಟ್ ಎಷ್ಟು?" ಎಂದು ಮೊದಲೇ ಕೇಳುವುದು. ಮದುವೆ ಜವಳಿಗೆ ಬಂದ ಮನೆಯವರು ಆ ಗಳಿಗೆಯಲ್ಲಿ ಹಟಕ್ಕೆ ಬಿದ್ದು ದುಬಾರಿಯದನ್ನೇ ತೆಗೆದುಕೊಳ್ಳಬಹುದು. ಮುಂದಿನ ಮದುವೆಗೆ ಆ ಅಂಗಡಿಯ ಹೆಸರು ಎತ್ತಿದಾಗ ಮನೆಯ ಹಿರಿಯ ಹೆಂಗಸೊಬ್ಬರು "ಅಲ್ಲಿ ಬೇಡ" ಎನ್ನುತ್ತಾರೆ, ಕಾರಣವನ್ನೂ ಹೇಳುವುದಿಲ್ಲ.

6. ಸೇವೆ ಸರಿ ಮಾಡಿಕೊಂಡ ಮೇಲೆಯೇ ಬಾಯಿ ಬಿಡಿ

ಒರಟು ಮಾರ್ಕೆಟಿಂಗ್ ಎಂದ ಕೂಡಲೇ ಎಲ್ಲರೂ ಎತ್ತುವ ಹೆಸರು ಐರ್ಲೆಂಡಿನ ರಯಾನ್‌ಏರ್. ವಿಮಾನದ ಮೂತಿಗೆ ಕಣ್ಣು ಬಾಯಿ ಅಂಟಿಸಿ ಟಿಕ್‌ಟಾಕ್‌ನಲ್ಲಿ ಪ್ರಯಾಣಿಕರನ್ನು ಛೇಡಿಸುವುದು, ಕಿಟಕಿ ಪಕ್ಕದ ಸೀಟೆಂದು ಕೊಂಡ 11ಎ ಸೀಟಿಗೆ ಕಿಟಕಿಯೇ ಇಲ್ಲವೆಂದು ದೂರಿದವರನ್ನು ರೇಗಿಸುವುದು, ಇವೆಲ್ಲ 2020ರಿಂದ ಈಚಿನವು. ಇದನ್ನು ನೋಡಿ ಕ್ಲೈಂಟುಗಳು ಮರುಳಾಗುತ್ತಾರೆ. ಆ ಕಥೆಯ ಮೊದಲ ಭಾಗವನ್ನೂ ಅವರು ತಿಳಿಯಬೇಕು.

ಕಂಪನಿಯ ಮುಖ್ಯಸ್ಥ ಮೈಕಲ್ ಓಲಿಯರಿ ಪ್ರಯಾಣಿಕರ ಜೊತೆ ಜಗಳವಾಡುವುದನ್ನೇ ಪ್ರಚಾರ ಮಾಡಿಕೊಂಡಿದ್ದವರು. ವಿಮಾನದ ಶೌಚಾಲಯಕ್ಕೂ ಕಾಸು ಕೇಳುವ ಯೋಚನೆಯನ್ನು 2009ರಲ್ಲಿ ಹರಿಯಬಿಟ್ಟು ಜಗತ್ತಿನ ಪತ್ರಿಕೆಗಳಲ್ಲೆಲ್ಲ ಜಾಗ ಪಡೆದರು. ಆಗ ಬರಿಯ ಮಾತು ಒರಟಾಗಿರಲಿಲ್ಲ, ನಡವಳಿಕೆಯೂ ಒರಟೇ. ಬೋರ್ಡಿಂಗ್ ಪಾಸ್ ಮನೆಯಲ್ಲಿ ಮರೆತವರಿಂದ ವಿಮಾನ ನಿಲ್ದಾಣದಲ್ಲಿ 70 ಯೂರೊ ವಸೂಲಿ. ಸೀಟಿನ ಸಂಖ್ಯೆ ಇಲ್ಲದ್ದರಿಂದ ಮಕ್ಕಳನ್ನು ಎತ್ತಿಕೊಂಡು ನೂಕುನುಗ್ಗಲು. 2013ರಲ್ಲಿ ಲಾಭದ ಅಂದಾಜನ್ನು ತಗ್ಗಿಸಬೇಕಾಗಿ ಬಂದಾಗ, ಜನರನ್ನು ಸುಮ್ಮಸುಮ್ಮನೆ ಕೆರಳಿಸುವುದನ್ನು ನಿಲ್ಲಿಸಬೇಕು ಎಂದು ಓಲಿಯರಿಯೇ ಹೇಳಿದರು. ಆ ದಂಡ 15 ಯೂರೊಗೆ ಇಳಿಯಿತು. ಇನ್ನೊಂದು ಸಣ್ಣ ಚೀಲ ಒಯ್ಯಲು ಬಿಟ್ಟರು, ಟಿಕೆಟ್ಟಿನಲ್ಲಿ ಹೆಸರು ತಪ್ಪಾಗಿದ್ದರೆ 24 ಗಂಟೆಯೊಳಗೆ ಪುಕ್ಕಟೆ ತಿದ್ದಬಹುದಾಯಿತು, 2014ರ ಫೆಬ್ರವರಿಯಿಂದ ಎಲ್ಲರಿಗೂ ಸೀಟಿನ ಸಂಖ್ಯೆ ಸಿಕ್ಕಿತು. 2014ರ ಮಾರ್ಚಿಗೆ ಮುಗಿದ ವರ್ಷದಲ್ಲಿ ಸುಮಾರು 8.17 ಕೋಟಿ ಇದ್ದ ಪ್ರಯಾಣಿಕರ ಸಂಖ್ಯೆ ಮರುವರ್ಷ 9.06 ಕೋಟಿಗೆ ಏರಿತು. ಲಾಭ 52.3 ಕೋಟಿ ಯೂರೊದಿಂದ 86.7 ಕೋಟಿಗೆ ಹೋಯಿತು. ಗಿರಾಕಿಗಳೊಂದಿಗೆ ಒಳ್ಳೆಯದಾಗಿ ನಡೆದುಕೊಂಡರೆ ಇಷ್ಟು ಫಲ ಸಿಗುತ್ತದೆಂದು ಗೊತ್ತಿದ್ದರೆ ಎಂದೋ ಶುರುಮಾಡುತ್ತಿದ್ದೆ ಎಂಬರ್ಥದ ಮಾತನ್ನು ಓಲಿಯರಿ ಆಗ ಆಡಿದರು.

ಟಿಕ್‌ಟಾಕ್‌ನ ಛೇಡನೆ ಬಂದದ್ದು ಇದಾದ ಎಷ್ಟೋ ವರ್ಷಗಳ ಮೇಲೆ, ವಿಮಾನ ಹೇಳಿದ ಹೊತ್ತಿಗೆ ಅಗ್ಗದಲ್ಲಿ ಮುಟ್ಟಿಸುತ್ತದೆ ಎಂಬ ನಂಬಿಕೆ ಜನರಲ್ಲಿ ಗಟ್ಟಿಯಾದ ಮೇಲೆ. ಆರ್ಡರ್ ಮಾಡಿದ ಅಂಗಿ ವಾರವಾದರೂ ತಲುಪಿಸದ ಬಟ್ಟೆ ಬ್ರ್ಯಾಂಡಿಗೆ ಆ ಸಲಿಗೆ ಇಲ್ಲ. ಅಂಥವರು ನನ್ನ ಹತ್ತಿರ ಬಂದರೆ ಮೊದಲು ವಾಪಸಾತಿಯ ನಿಯಮವನ್ನು ನೇರ್ಪಡಿಸಿ ಎನ್ನುತ್ತೇನೆ.

7. ನಿಮ್ಮ ಸದುದ್ದೇಶ ಗಿರಾಕಿಗೆ ಕಾಣುವುದಿಲ್ಲ

2023ರ ಜೂನ್‌ನಲ್ಲಿ ವಿಶ್ವ ಪರಿಸರ ದಿನಕ್ಕೆಂದು ಜೊಮ್ಯಾಟೊ ಒಂದು ವಿಡಿಯೊ ಮಾಡಿತು. 2001ರ 'ಲಗಾನ್' ಚಿತ್ರದಲ್ಲಿ ಕಚರಾ, ಅಂದರೆ ಕಸ, ಎಂಬ ಹೆಸರಿನ ದಲಿತ ಪಾತ್ರವಿದೆ. ಆ ಪಾತ್ರ ಮಾಡಿದ್ದ ನಟನನ್ನೇ ಕರೆತಂದು, ಮರುಬಳಕೆಯ ಕಸದಿಂದ ಮಾಡಿದ ದೀಪ, ಕಾಗದ, ಜಾಕೆಟ್ಟುಗಳಾಗಿ ಆ ಮನುಷ್ಯನನ್ನೇ ತೋರಿಸಿದರು. ಪ್ಲಾಸ್ಟಿಕ್ ಕಸದ ಬಗ್ಗೆ ಅರಿವು ಮೂಡಿಸುವುದು ಉದ್ದೇಶವಾಗಿತ್ತಂತೆ. ನೋಡಿದವರ ಕಣ್ಣಿಗೆ ಬಿದ್ದದ್ದು ಬೇರೆ. ಊರು ಯಾರನ್ನು ಶತಮಾನಗಳ ಕಾಲ ಕಸವೆಂದು ಕರೆದು ಮುಟ್ಟದೆ ದೂರವಿಟ್ಟಿತೋ ಅಂಥವರೊಬ್ಬರನ್ನು ಮತ್ತೆ ಕಸದ ಸಾಮಾನಾಗಿಸಿ ನಗುತ್ತಿದ್ದಾರೆ ಎಂದು. ಪರಿಶಿಷ್ಟ ಜಾತಿಗಳ ರಾಷ್ಟ್ರೀಯ ಆಯೋಗ ನೋಟಿಸು ಕೊಟ್ಟಿತು, ಕಂಪನಿ ವಿಡಿಯೊ ತೆಗೆಯಿತು. ಇದನ್ನು ನಾನು ಬರಿಯ ಮಾರ್ಕೆಟಿಂಗ್ ಎಡವಟ್ಟು ಎಂದು ನೋಡಲಾರೆ. ಒಂದು ಕರಡು ಎಷ್ಟೋ ಕೋಣೆಗಳನ್ನು ದಾಟಿ ಹೊರಗೆ ಬರುತ್ತದೆ. ಅದರಲ್ಲಿ ಒಂದು ಕೋಣೆಯಲ್ಲಾದರೂ ಆ ನೋವನ್ನು ಮೈಮೇಲೆ ಉಂಡವರೊಬ್ಬರು ಕೂತಿದ್ದರೆ, ಅವರ ಮಾತಿಗೆ ಬೆಲೆ ಇದ್ದಿದ್ದರೆ, ಅದು ಹೊರಬರುತ್ತಲೇ ಇರಲಿಲ್ಲ.

ಬ್ರಿಟನ್ನಿನ ಬರ್ಗರ್ ಕಿಂಗ್ 2021ರ ಮಹಿಳಾ ದಿನದಂದು ಹೆಂಗಸರ ಜಾಗ ಅಡುಗೆಮನೆ ಎಂದು ಟ್ವೀಟ್ ಮಾಡಿತು. ಮಹಿಳಾ ಬಾಣಸಿಗರಿಗೆ ವಿದ್ಯಾರ್ಥಿವೇತನ ಕೊಡುತ್ತೇವೆ ಎಂಬುದು ಅದರ ಕೆಳಗಿನ ಟ್ವೀಟುಗಳಲ್ಲಿತ್ತು. ಜನ ಮೊದಲ ಸಾಲನ್ನಷ್ಟೇ ಓದಿ ಸಿಟ್ಟಾದರು. ಅಂದೇ ಅಳಿಸಿ ಕ್ಷಮೆ ಕೇಳಬೇಕಾಯಿತು. ಎರಡನೆಯ ಸಾಲು ಓದಿದರಷ್ಟೇ ಸರಿಹೋಗುವ ಮೊದಲ ಸಾಲನ್ನು ಬರೆಯಲೇಬೇಡಿ.

8. ಮನೆಮಂದಿಯ ನಡುವೆ ಓದಲಾಗದ್ದನ್ನು ರಸ್ತೆಯಲ್ಲಿ ನಿಲ್ಲಿಸಬೇಡಿ

2017ರಲ್ಲಿ ಜೊಮ್ಯಾಟೊ ಹಿಂದಿಯ ಎರಡು ತಾಯಿ-ತಂಗಿ ಬೈಗುಳಗಳ ಮೊದಲಕ್ಷರಗಳನ್ನು ಮ್ಯಾಕ್ ಆ್ಯಂಡ್ ಚೀಸ್, ಬಟರ್ ಚಿಕನ್ ಎಂದು ಬಿಡಿಸಿ ಹೋರ್ಡಿಂಗ್ ಹಾಕಿತು, ಟೀಕೆ ಬಂದ ಮೇಲೆ ತೆಗೆಯಿತು. ಫೋನಿನಲ್ಲಿ ಬಂದದ್ದನ್ನು ಬೆರಳಿನಿಂದ ಸರಿಸಬಹುದು. ಮಗಳನ್ನು ಸ್ಕೂಟರಿನ ಮುಂದೆ ನಿಲ್ಲಿಸಿಕೊಂಡು ಸಿಗ್ನಲ್ಲಿನಲ್ಲಿ ಕಾಯುವ ತಂದೆ ಹೋರ್ಡಿಂಗನ್ನು ಸರಿಸಲಾರ. ಇನ್ನೊಂದು ತೊಂದರೆ, ಕೆಣಕುವ ಮಾತು ಬೇಗ ಹಳಸುತ್ತದೆ. ಫ್ರೆಂಚ್ ಕನೆಕ್ಷನ್ ಎಂಬ ಬ್ರಿಟಿಷ್ ಬಟ್ಟೆ ಕಂಪನಿ ಇಂಗ್ಲಿಷಿನ ಒಂದು ಬೈಗುಳದ ಅಕ್ಷರಗಳನ್ನು ಅದಲುಬದಲು ಮಾಡಿದಂತೆ ಕಾಣುವ ಎಫ್‌ಸಿಯುಕೆ ಎಂಬುದನ್ನು 1997ರಿಂದ ಅಂಗಿಗಳ ಮೇಲೆ ಹಾಕಿತು. ಮೊದಮೊದಲು ಭರ್ಜರಿ ವ್ಯಾಪಾರ. ಎಲ್ಲರ ಎದೆಯ ಮೇಲೂ ಅದೇ ಬಂದ ಮೇಲೆ ಕೆಣಕುವ ಗುಣ ಹೋಯಿತು. 2000ರ ದಶಕದ ನಡುವಿನ ಹೊತ್ತಿಗೆ ಕಂಪನಿಯೇ ಅದನ್ನು ಪಕ್ಕಕ್ಕೆ ಸರಿಸಿತು.

9. ಏಕವಚನವನ್ನು ಎಚ್ಚರದಿಂದ ಬಳಸಿ

ಮುಂಬೈಯಲ್ಲಿ ಬರೆದ ಜಾಹೀರಾತು ಕನ್ನಡಕ್ಕೆ ಬರುವಾಗ ಗಿರಾಕಿಯನ್ನು 'ನೀನು' ಎನ್ನುವುದು ಹೆಚ್ಚಾಗಿದೆ. ಬೆಂಗಳೂರಿನ ಕಾಲೇಜು ಹುಡುಗರ ಟೀ ಶರ್ಟಿಗೆ "ಬಾ ಗುರು" ಒಪ್ಪುತ್ತದೆ, ಅದರಲ್ಲಿ ಹೆಗಲ ಮೇಲೆ ಕೈ ಹಾಕಿದ ಸಲುಗೆ ಇದೆ. ಮಕ್ಕಳಿಗೂ "ಬರ್ರಿ" ಎನ್ನುವ ಮನೆಗಳಿರುವ ಧಾರವಾಡದಲ್ಲಿ ಅದೇ ಸಾಲು ಒಡ್ಡೊಡ್ಡಾಗುತ್ತದೆ. ಸಾಲದ ಕಂತು ನೆನಪಿಸುವ ಸಂದೇಶ, ವಿಮೆ, ಆಸ್ಪತ್ರೆ, ಇವುಗಳಲ್ಲಿ ಏಕವಚನ ಎಲ್ಲಿಯೂ ಬೇಡ. ದುಡ್ಡು ಕೇಳುವವರು ಏಕವಚನದಲ್ಲಿ ಮಾತಾಡಿದರೆ ಅದು ಬೆದರಿಕೆಯಂತೆಯೇ ಕೇಳಿಸುತ್ತದೆ.

10. ಬಂದವರ ಜೊತೆಗೆ ಬಾರದಾದವರನ್ನೂ ಎಣಿಸಿ

ಲಂಡನ್ನಿನ ಮೆಟ್ರೊ ನಿಲ್ದಾಣಗಳಲ್ಲಿ 2015ರಲ್ಲಿ ಪ್ರೋಟೀನ್ ವರ್ಲ್ಡ್ ಎಂಬ ಕಂಪನಿ ಬಿಕಿನಿ ತೊಟ್ಟ ತೆಳ್ಳನೆಯ ಹೆಣ್ಣಿನ ಚಿತ್ರ ಹಾಕಿ, ನಿಮ್ಮ ಮೈ ಕಡಲತೀರಕ್ಕೆ ಸಿದ್ಧವೇ ಎಂದು ಕೇಳಿತು. 70,000ಕ್ಕೂ ಹೆಚ್ಚು ಜನ ವಿರೋಧದ ಮನವಿಗೆ ಸಹಿ ಹಾಕಿದರು. ಕಂಪನಿ ಹಿಂದೆ ಸರಿಯದೆ ಟೀಕಿಸಿದವರನ್ನೇ ಹಂಗಿಸಿತು, ಮಾರಾಟ ಏರಿದೆ ಎಂದೂ ಹೇಳಿಕೊಂಡಿತು. ಏರಿರಲೂಬಹುದು. ಮರುವರ್ಷ ಲಂಡನ್ನಿನ ಮೇಯರ್ ಸಾದಿಕ್ ಖಾನ್, ಮೈಕಟ್ಟಿನ ಬಗ್ಗೆ ಕೀಳರಿಮೆ ಹುಟ್ಟಿಸುವ ಜಾಹೀರಾತುಗಳು ನಗರ ಸಾರಿಗೆಯಲ್ಲಿ ಇರಕೂಡದು ಎಂದು ನಿಯಮವನ್ನೇ ತಂದರು. ಆ ಲೆಕ್ಕ ಯಾವ ಮಾರಾಟದ ಪಟ್ಟಿಯಲ್ಲೂ ಬಂದಿರಲಾರದು.

ನಾನು ಕ್ಲೈಂಟುಗಳಿಗೆ ಲೈಕು, ಶೇರುಗಳ ಪಟ್ಟಿಯನ್ನು ಕೊನೆಯಲ್ಲಿ ತೋರಿಸುತ್ತೇನೆ. ಮೊದಲು ನೋಡುವುದು ಎರಡನೆಯ ಸಲ ಬಂದವರೆಷ್ಟು, ಭಾನುವಾರ ಮನೆಮಂದಿಯೊಂದಿಗೆ ಬರುತ್ತಿದ್ದವರು ಈಗಲೂ ಬರುತ್ತಿದ್ದಾರೆಯೇ, ದೊಡ್ಡ ಆರ್ಡರ್ ಕೊಡುತ್ತಿದ್ದ ಕಚೇರಿಗಳಿಂದ ಫೋನು ನಿಂತಿದೆಯೇ ಎಂದು. ಗಲ್ಲಾದ ಮೇಲೆ ಕೂತವರಿಗೆ ಇದು ಬಾಯಿಪಾಠ ಇರುತ್ತದೆ. "ಆ ಮೇಷ್ಟ್ರು ಕಾಣ್ಸ್ತಿಲ್ಲ ಈಚೆಗೆ" ಎಂದು ಅವರಾಗಿಯೇ ಹೇಳುತ್ತಾರೆ. ಬೇಸರಗೊಂಡು ಹೋದವರು ದೂರು ಬರೆಯುವುದಿಲ್ಲ, ರಸ್ತೆಯ ಆಚೆ ಬದಿಯ ಅಂಗಡಿಗೆ ಹೋಗುತ್ತಾರೆ.

11. ದೂರು ಬಂದಾಗ ತಮಾಷೆ ಬೇಡ

ಹಾಸ್ಯದ ಪೋಸ್ಟ್ ಬರೆಯುವವರ ಕೈಗೇ ದೂರುಗಳಿಗೆ ಉತ್ತರಿಸುವ ಕೆಲಸವನ್ನೂ ಕೊಡುವುದು ಸಣ್ಣ ಕಂಪನಿಗಳಲ್ಲಿ ಸಾಮಾನ್ಯ. ಮಗುವಿನ ಹುಟ್ಟುಹಬ್ಬಕ್ಕೆ ಹೇಳಿದ್ದ ಕೇಕು ಸಂಜೆಯಾದರೂ ಬಾರದೆ ಕಂಗಾಲಾದವರಿಗೆ ಮೀಮ್ ಕಳಿಸಿದರೆ, ಆ ಉತ್ತರದ ಚಿತ್ರ ನೀವು ದುಡ್ಡು ಕೊಟ್ಟು ಮಾಡಿಸಿದ ಎಲ್ಲ ಜಾಹೀರಾತುಗಳಿಗಿಂತ ದೂರ ಹೋಗುತ್ತದೆ. ಈ ಎರಡು ಕೆಲಸಗಳನ್ನು ಇಬ್ಬರಿಗೆ ಹಂಚಿ.

ಖಡಕ್ ಮಾತು ಬೇಕೆಂದು ಬರುವ ಕ್ಲೈಂಟುಗಳ ಜೊತೆ ನಾನು ಮಾಡಿಕೊಳ್ಳುವ ಒಪ್ಪಂದದಲ್ಲಿ ಈಗ ಮೂರು ಸಾಲು ಹೆಚ್ಚಿಗೆ ಇರುತ್ತವೆ. ಕರಡನ್ನು ಕೌಂಟರಿನಲ್ಲಿ ನಿಲ್ಲುವವರೊಬ್ಬರು ಓದಿರಬೇಕು. ಯಜಮಾನರ ಜಾತಿ, ಬಡಾವಣೆ, ವಯಸ್ಸಿಗೆ ಹೊರಗಿನವರೊಬ್ಬರು ಓದಿರಬೇಕು. ಯಾರಿಗಾದರೂ ನೋವಾಯಿತೆಂದು ಗೊತ್ತಾದ ಕೂಡಲೇ, ಭಾನುವಾರ ರಾತ್ರಿಯಾದರೂ ಸರಿ, ಬೇರೆಯವರನ್ನು ಕೇಳದೆ ಪೋಸ್ಟನ್ನು ತೆಗೆಯುವ ಅಧಿಕಾರ ಯಾರಿಗಿದೆ ಎಂದು ಹೆಸರು, ಫೋನ್ ನಂಬರಿನೊಂದಿಗೆ ಬರೆದಿರಬೇಕು. ಆ ಹೆಸರು ತುಂಬಿ ಬಂದ ಮೇಲೆಯೇ ನಾನು ಮೊದಲ ಕರಡು ಕಳಿಸುತ್ತೇನೆ.